ಒಂದೇ ಬೈಟ್ ಉಕ್ಕಿದ ಕರ್ನಲ್ ಬಗ್: ಸ್ಲಬ್ ಡೀಬಗ್, ಕಸಾನ್, ಕೆಫೆನ್ಸ್‌ಗಳಲ್ಲಿ ಯಾವುದು ಹಿಡಿಯಿತು?

ಈ ಮೂರೂ ಲಿನಕ್ಸ್ ಕರ್ನಲ್‌ನಲ್ಲಿ ಮೆಮೊರಿ ತಪ್ಪು ಹುಡುಕುವ ಉಪಕರಣಗಳು. ಬಗ್ ಇಷ್ಟೇ. ಲಿನಕ್ಸ್‌ನ ಒಂದು ಡ್ರೈವರ್, ಯೂಸರ್ ಪ್ರೋಗ್ರಾಂ ಕೊಡುವ ಹೆಸರನ್ನೂ ಅದರ ಉದ್ದವನ್ನೂ ತೆಗೆದುಕೊಳ್ಳುತ್ತದೆ. ಅಷ್ಟೇ ಉದ್ದದ ಜಾಗವನ್ನು ಕರ್ನಲ್‌ನಲ್ಲಿ ಮೆಮೊರಿ ಹಂಚುವ ಕೆಮ್ಯಾಲಕ್‌ನಿಂದ ಪಡೆದು, ಹೆಸರನ್ನು ಕಾಪಿ ಮಾಡಿ, ಹೆಸರು ಮುಗಿಯಿತೆಂದು ತೋರಿಸಲು ಕೊನೆಗೆ ಒಂದು ಸೊನ್ನೆ ಬೈಟ್ ಇಡುತ್ತದೆ. ಆ ಸೊನ್ನೆಗೆಂದು ಜಾಗ ಕೇಳಿಯೇ ಇಲ್ಲ. 50 ಬೈಟ್‌ನ ಹೆಸರು ಬಂದರೆ ಏನೂ ಕೆಡುವುದಿಲ್ಲ: ಕೆಮ್ಯಾಲಕ್ 50 ಕೇಳಿದವರಿಗೆ 64ರ ತುಂಡನ್ನೇ ಕೊಡುತ್ತದೆ, ಸೊನ್ನೆ ಆ ಉಳಿಕೆಯಲ್ಲಿ ಕೂರುತ್ತದೆ. ಸರಿಯಾಗಿ 64ರಂತೆ ತುಂಡು ಪೂರ್ತಿ ತುಂಬುವ ಉದ್ದ ಬಂದಾಗ ಮಾತ್ರ ಪಕ್ಕದ ಆಬ್ಜೆಕ್ಟ್‌ನ (ಹಂಚಿದ ಇನ್ನೊಂದು ತುಂಡಿನ) ಮೊದಲ ಬೈಟ್ ಅಳಿಸಿಹೋಗುತ್ತದೆ. ಆ ಪಕ್ಕದ್ದು ಯಾರದ್ದು ಎನ್ನುವುದು ಪ್ರತಿ ಸಲವೂ ಬೇರೆ. ಹಾಗಾಗಿ ಪ್ಯಾನಿಕ್ ಆದಾಗ (ಕರ್ನಲ್ ಕುಸಿದಾಗ) ಲಾಗ್‌ನಲ್ಲಿ ಕಾಣುವುದು ಒಮ್ಮೆ ನೆಟ್‌ವರ್ಕ್ ಕೋಡ್, ಇನ್ನೊಮ್ಮೆ ಫೈಲ್‌ಸಿಸ್ಟಂ. ಡ್ರೈವರ್ ಹೆಸರೇ ಇಲ್ಲ.

ಮೊದಲು ಕೈ ಹಾಕಿದ್ದು ಸ್ಲಬ್ ಡೀಬಗ್‌ಗೆ, ಅದಕ್ಕೆ ಕರ್ನಲ್ ಮತ್ತೆ ಬಿಲ್ಡ್ ಮಾಡಬೇಕಿಲ್ಲ ಎಂಬ ಒಂದೇ ಕಾರಣಕ್ಕೆ. ಬೂಟ್ ಆಯ್ಕೆಯಲ್ಲಿ 64 ಬೈಟ್ ತುಂಡುಗಳ ಕ್ಯಾಶ್‌ಗೆ ಮಾತ್ರ ರೆಡ್‌ಝೋನ್, ಜೊತೆಗೆ ತಪಾಸಣೆ ಮತ್ತು ಜಾಗ ಪಡೆದವರ ದಾಖಲೆ ಹಾಕಿಸಿದರೆ ಉಳಿದ ಸಿಸ್ಟಂ ನಿಧಾನವಾಗುವುದೂ ಇಲ್ಲ. ಹಿಡಿಯಿತು, ಆದರೆ ಅರ್ಧ ಮಾತ್ರ. ಆಬ್ಜೆಕ್ಟ್‌ನ ಆಚೆ ತುಂಬಿಟ್ಟ ಗುರುತಿನ ಬೈಟ್‌ಗಳನ್ನು ಅದು ನೋಡುವುದು ಮುಖ್ಯವಾಗಿ ಮೆಮೊರಿ ಬಿಡುಗಡೆಯಾಗುವಾಗ. ನಮ್ಮ ಹೆಸರಿನ ಬಫರ್ ಸಾಧನ ಮುಚ್ಚುವವರೆಗೂ ಬದುಕಿರುತ್ತದೆ. ಈ ಜಾಗ ಪಡೆದವರು ಯಾರು ಎಂದು ವರದಿ ಹೇಳಿತು. ಗೆರೆ ದಾಟಿ ಬರೆದವರು ಯಾರು ಎಂದು ಹೇಳಲಿಲ್ಲ. ಇಲ್ಲಿ ಇಬ್ಬರೂ ಒಂದೇ ಫಂಕ್ಷನ್ ಆದ್ದರಿಂದ ಕೆಲಸ ನಡೆಯಿತು. ಬಫರ್ ನಾಲ್ಕು ಕೈ ದಾಟುವ ಕೋಡ್‌ನಲ್ಲಿ ಇಷ್ಟು ಸಾಲದು.

ಕಸಾನ್ ಬೇರೆಯೇ ಜಾತಿ. 2015ರಲ್ಲಿ, 4.0 ಆವೃತ್ತಿಯಲ್ಲಿ ಕರ್ನಲ್ ಸೇರಿದ ಈ ಉಪಕರಣ ಮೆಮೊರಿಯ ಪ್ರತಿ 8 ಬೈಟ್‌ಗೆ ಒಂದು ನೆರಳು ಬೈಟ್ ಇಟ್ಟುಕೊಳ್ಳುತ್ತದೆ. ಕಂಪೈಲರ್ ಪ್ರತಿ ಓದು-ಬರಹದ ಮುಂದೆ ಆ ನೆರಳನ್ನು ನೋಡುವ ಕೋಡ್ ಸೇರಿಸುತ್ತದೆ. ನೆರಳಿನಲ್ಲಿ ಸೊನ್ನೆ ಇದ್ದರೆ ಎಂಟೂ ಬೈಟ್ ಮುಟ್ಟಬಹುದು. 1ರಿಂದ 7ರವರೆಗಿನ ಅಂಕಿ ಇದ್ದರೆ ಮೊದಲ ಅಷ್ಟನ್ನು ಮಾತ್ರ. 50 ಎಂದರೆ ಆರು ಎಂಟು, ಮೇಲೆ ಎರಡು. ಏಳನೆಯ ನೆರಳು ಬೈಟ್‌ನಲ್ಲಿ 2 ಇರುತ್ತದೆ, ನಮ್ಮ ಸೊನ್ನೆ ಮೂರನೆಯದರ ಮೇಲೆ ಬೀಳುತ್ತದೆ, ಅಲ್ಲೇ ಸಿಕ್ಕಿಬೀಳುತ್ತದೆ. ಅಂದರೆ 64ರ ಹೆಸರಿಗಾಗಿ ಕಾಯಬೇಕಿಲ್ಲ. ಎಂದೂ ಪ್ಯಾನಿಕ್ ಮಾಡದ ಉದ್ದಗಳೂ ವರದಿಯಾಗುತ್ತವೆ, ಬರೆದ ಸಾಲಿನ ಸ್ಟ್ಯಾಕ್ (ಫಂಕ್ಷನ್ ಕರೆಗಳ ಸರಣಿ) ಸಮೇತ. ಡೀಬಗ್ ಮಾಡುವವನಿಗೆ ಇದಕ್ಕಿಂತ ಬೇಕಾದದ್ದು ಕಡಿಮೆ.

ಬೆಲೆಯೂ ಅಷ್ಟೇ ಇದೆ: ಎಂಟರಲ್ಲಿ ಒಂದು ಪಾಲು ಮೆಮೊರಿ ನೆರಳಿಗೆ ಹೋಗುತ್ತದೆ, ವೇಗ ಸುಮಾರು ಮೂರು ಪಟ್ಟು ಇಳಿಯುತ್ತದೆ. ಎರಡು ಸಂಗತಿ ಗೊತ್ತಿರಲಿ. ತಾನಾಗಿ ಅದು ಮೊದಲ ವರದಿಯ ನಂತರ ಬಾಯಿ ಮುಚ್ಚುತ್ತದೆ. ಎಲ್ಲವೂ ಬೇಕಿದ್ದರೆ ಬೂಟ್‌ನಲ್ಲೇ ಮಲ್ಟಿಶಾಟ್ ಕೇಳಬೇಕು. ಇನ್ನು, ಒಂದೇ ಸ್ಟ್ರಕ್ಟ್‌ನೊಳಗಿನ ಅರೇ ಉಕ್ಕಿ ಪಕ್ಕದ ಫೀಲ್ಡ್‌ಗೆ ಹರಿದರೆ ಅದಕ್ಕೆ ಕಾಣುವುದೇ ಇಲ್ಲ, ಆಬ್ಜೆಕ್ಟ್ ಒಂದೇ ಅಲ್ಲವೇ. ಅಂಥದ್ದಕ್ಕೆ, ಕಾಪಿ ಫಂಕ್ಷನ್‌ಗಳಲ್ಲಿ ಗಾತ್ರ ಪರೀಕ್ಷಿಸುವ ಫೋರ್ಟಿಫೈ ಸೋರ್ಸ್ ಆನ್ ಮಾಡಿಕೊಳ್ಳಿ.

ಕೆಫೆನ್ಸ್ (5.12, 2021) ಗಾಳ ಹಾಕಿ ಕೂತಂತೆ. 100 ಮಿಲಿಸೆಕೆಂಡ್‌ಗೊಮ್ಮೆ ಒಂದು ಅಲೊಕೇಶನ್‌ ಅನ್ನು ಮುಟ್ಟಿದ ಕೂಡಲೇ ಸಿಕ್ಕಿಬೀಳುವ ತನ್ನ ಕಾವಲು ಪುಟಗಳ ನಡುವೆ ಇಡುತ್ತದೆ. 255 ಆಬ್ಜೆಕ್ಟ್‌ಗಳ ಈ ಕೊಳಕ್ಕೆ ಸುಮಾರು 2 ಎಂಬಿ ಸಾಕು. ಟೆಸ್ಟ್ ಮಶೀನ್‌ನಲ್ಲಿ ಬಹಳ ಹೊತ್ತು ಏನೂ ಬರಲಿಲ್ಲ, ಸ್ಯಾಂಪಲ್ ಅಂತರ ಇಳಿಸಿದ ಮೇಲೆ ಬಂತು. ಗೊತ್ತಿರುವ ಬಗ್‌ನ ಬೆನ್ನು ಹತ್ತಲು ಇದು ಹೇಳಿ ಮಾಡಿಸಿದ್ದಲ್ಲ. ಆದರೆ ಬಳಕೆಯಲ್ಲಿರುವ ನೂರಾರು ಮಶೀನ್‌ಗಳಲ್ಲಿ ಆನ್ ಇಡಬಹುದಾದದ್ದು ಮೂರರಲ್ಲಿ ಇದೊಂದೇ.

ತಿದ್ದುವುದರಲ್ಲೂ ದಾರಿಗಳು ಮೂರು. ಉದ್ದಕ್ಕೆ ಒಂದು ಕೂಡಿಸಿ ಕೆಮ್ಯಾಲಕ್ ಕರೆಯುವುದು ಕಣ್ಣಿಗೆ ಸಣ್ಣ ಪ್ಯಾಚ್. ಆದರೆ ಉದ್ದ 32 ಬಿಟ್‌ನ ಅನ್‌ಸೈನ್ಡ್ (ಋಣ ಸಂಖ್ಯೆ ಹಿಡಿಯದ) ವೇರಿಯಬಲ್ ಆಗಿದ್ದು, ಯೂಸರ್ ಅದರ ಗರಿಷ್ಠ ಬೆಲೆ ಕೊಟ್ಟರೆ, ಕೂಡಿಸಿದ್ದು ಸುತ್ತಿ ಸೊನ್ನೆಯಾಗುತ್ತದೆ. ಯೂಸರ್ ಕಡೆಯ ಸ್ಟ್ರಿಂಗ್ ಕಾಪಿ ಮಾಡಿಕೊಡುವ ಕರ್ನಲ್ ಫಂಕ್ಷನ್ ಸ್ಟ್ರ್‌ಎನ್‌ಡಪ್_ಯೂಸರ್ ನನಗೆ ಹೆಚ್ಚು ಹಿಡಿಸಿತು. ಮಿತಿ ದಾಟಿದರೆ ಕತ್ತರಿಸದೆ ಎರರ್ ಕೊಡುತ್ತದೆ. ಉದ್ದ ಅಳೆದ ಮೇಲೆ ಯೂಸರ್ ತನ್ನ ಬಫರ್ ಬದಲಿಸಿದರೂ ಕೊನೆಯ ಬೈಟ್‌ಗೆ ತಾನೇ ಸೊನ್ನೆ ಇಡುತ್ತದೆ. ತೊಡಕೆಂದರೆ ಅದು ಯೂಸರ್ ಕಡೆಯಲ್ಲೂ ಕೊನೆಯ ಸೊನ್ನೆಯನ್ನು ನಿರೀಕ್ಷಿಸುತ್ತದೆ. ಈ ಡ್ರೈವರ್‌ನ ಹಳೆಯ ಪ್ರೋಗ್ರಾಂಗಳು ಸೊನ್ನೆ ಇಲ್ಲದೆ ಬರೀ ಉದ್ದ ಕಳಿಸುತ್ತವೆ, ಅವು ಮುರಿಯುತ್ತಿದ್ದವು. ಯೂಸರ್ ಪ್ರೋಗ್ರಾಂ ಮುರಿಯುವ ಪ್ಯಾಚ್ ಕರ್ನಲ್‌ನಲ್ಲಿ ಪ್ಯಾಚೇ ಅಲ್ಲ.

ಹಾಗಾಗಿ ಮೊದಲು ಉದ್ದಕ್ಕೆ ಮೇಲ್ಮಿತಿ ಹಾಕಿ, ದಾಟಿದರೆ ಎರರ್ ಹಿಂದಿರುಗಿಸಿ, ಆಮೇಲೆ ಮೆಮ್‌ಡಪ್_ಯೂಸರ್_ನಲ್ ಕರೆದೆ. ಒಂದು ಹೆಚ್ಚು ಪಡೆದು, ಕಾಪಿ ಮಾಡಿ, ಸೊನ್ನೆ ಇಡುವುದೆಲ್ಲ ಅದರದ್ದೇ ಕೆಲಸ. ವಿಫಲವಾದರೆ ಅದು ಕೊಡುವುದು ನಲ್ ಅಲ್ಲ, ಪಾಯಿಂಟರ್ ವೇಷದ ಎರರ್ ಕೋಡ್. ಕೆಮ್ಯಾಲಕ್ ಕಾಲದ ನಲ್ ಪರೀಕ್ಷೆಯನ್ನು ಹಾಗೇ ಬಿಟ್ಟರೆ ಆ ಕೋಡನ್ನೇ ವಿಳಾಸವೆಂದು ಓದಲು ಹೋಗಿ ಹೊಸ ಪ್ಯಾನಿಕ್ ಸಿಗುತ್ತದೆ. ಅದನ್ನೂ ಬದಲಿಸಿ, ಕಸಾನ್ ಕರ್ನಲ್‌ನಲ್ಲೇ 8, 16, 32, 64, 96, 128ರ ಹೆಸರುಗಳನ್ನೂ ಅವುಗಳ ಆಚೀಚೆಯ ಉದ್ದಗಳನ್ನೂ ಕೊಟ್ಟೆ. ವರದಿ ಬರಲಿಲ್ಲ.