ಸುಮ್ನೆ ಹೆಸರಿಗೆ ಡೈರೆಕ್ಟರ್ ಆಗು ಅಂದ್ರೆ, ಸಹಿ ಹಾಕೋ ಮುಂಚೆ ಇದನ್ನ ಓದಿ

ಗೆಳೆಯರೋ ನೆಂಟರೋ ಬಂದು "ಕಂಪನಿ ಮಾಡ್ತಾ ಇದ್ದೀನಿ, ಇಬ್ಬರು ಡೈರೆಕ್ಟರ್ ಬೇಕಂತೆ, ನೀನು ಸುಮ್ನೆ ಹೆಸರಿಗೆ ಇರು, ಎಲ್ಲಾ ನಾನೇ ನೋಡ್ಕೋತೀನಿ" ಎಂದು ನಿಮ್ಮ ಆಧಾರ್, ಪ್ಯಾನ್ ಕೇಳಿದರೆ ಕೊಡಬೇಡಿ. ಹೆಸರಿಗಷ್ಟೇ ಇದ್ದೆ ಎನ್ನುವ ಮಾತು ಆರ್‌ಒಸಿ (ಕಂಪನಿಗಳ ರಿಜಿಸ್ಟ್ರಾರ್) ಮುಂದೆ ನಡೆಯಲ್ಲ. ಕಂಪನಿಯಲ್ಲಿ ಏನು ತಪ್ಪಾದರೂ ನೋಟಿಸು ಇಬ್ಬರಿಗೂ ಬರುತ್ತೆ.

ದಾವಣಗೆರೆಯಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್ ಇದೆ. 2019ರಲ್ಲಿ ಹಳೆಯ ಗೆಳೆಯನೊಬ್ಬ ಸಿರಿಧಾನ್ಯದ ಹಿಟ್ಟು, ಮಾಲ್ಟ್ ಮಾರಲು ಪ್ರೈವೇಟ್ ಲಿಮಿಟೆಡ್ ಕಂಪನಿ ಶುರು ಮಾಡಿದ. ಒಂದು ಲಕ್ಷ ಬಂಡವಾಳ, ಅದರಲ್ಲಿ 90 ಸಾವಿರದ ಷೇರು ಅವನದು, 10 ಸಾವಿರದ್ದು ನನ್ನದು. ನನ್ನ ಪಾಲಿನ ದುಡ್ಡು ನಾನೇ ಹಾಕಿದ್ದೆ. ಕಂಪನಿ ನೋಂದಣಿಯಾದ ಎರಡು ತಿಂಗಳೊಳಗೆ ಷೇರು ಸರ್ಟಿಫಿಕೇಟ್ ಕೊಡಬೇಕು ಅಂತ ಕಾನೂನಿದೆ. ಇವತ್ತಿನವರೆಗೂ ನಾನು ಅದರ ಮುಖ ನೋಡಿಲ್ಲ. ಲೆಟರ್‌ಹೆಡ್ಡು, ಪ್ಯಾಕೆಟ್ ಮೇಲಿನ ಲೇಬಲ್ಲು ಮಾತ್ರ ನಮ್ಮ ಪ್ರೆಸ್ಸಿನಲ್ಲೇ ಪ್ರಿಂಟ್ ಆದವು, ಆ ಬಿಲ್ಲೂ ಬಾಕಿ ಇದೆ ಬಿಡಿ.

ಅವನಿಗೆ ನಿಜವಾಗಿ ನನ್ನ ಹೆಸರೇ ಬೇಕಿರಲಿಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ಒಬ್ಬನೇ ಮಾಲೀಕ ಇರುವ ಒನ್ ಪರ್ಸನ್ ಕಂಪನಿಗೆ ಅವಕಾಶ ಇದೆ, ಒಬ್ಬನೇ ಡೈರೆಕ್ಟರ್ ಸಾಕು. ನಾಮಿನಿ ಅಂತ ಒಬ್ಬರ ಹೆಸರು ಕೊಡಬೇಕು ಅಷ್ಟೇ. ಹಾಗಾಗಿ ಯಾರಾದರೂ "ಇಬ್ಬರು ಇಲ್ದೆ ಆಗಲ್ಲ" ಎಂದರೆ ಇದನ್ನು ತೋರಿಸಿ ಕಳಿಸಿ.

ಇಡೀ ನೋಂದಣಿ ಮಾಡಿಸಿದ್ದು ಅವನು ಕರೆತಂದ ಏಜೆಂಟ್. ನನ್ನ ಡಿಜಿಟಲ್ ಸಹಿ ಮಾಡಿಸಿ, ಆ ಸಹಿ ಇರುವ, ಪೆನ್‌ಡ್ರೈವ್ ತರದ ಯುಎಸ್‌ಬಿ ಟೋಕನ್ನನ್ನು, ಪಾಸ್‌ವರ್ಡ್ ಸಮೇತ, ತನ್ನ ಡ್ರಾಯರಿನಲ್ಲೇ ಇಟ್ಟುಕೊಂಡ. ಹತ್ತಾರು ಜನರ ಟೋಕನ್‌ಗಳು ಅಲ್ಲಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ಬಿದ್ದಿದ್ದವು, ಒಂದೊಂದಕ್ಕೂ ಪೆನ್ನಿನಲ್ಲಿ ಹೆಸರು ಬರೆದ ಚೀಟಿ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ನನ್ನ ಡಿಐಎನ್‌ಗೆ, ಅಂದರೆ ಡೈರೆಕ್ಟರ್ ಆದವರಿಗೆ ಕೊಡುವ ಗುರುತಿನ ನಂಬರಿಗೆ, ಇಮೇಲ್, ಫೋನ್ ನಂಬರ್ ಎರಡೂ ಏಜೆಂಟನದ್ದೇ ಕೊಟ್ಟಿದ್ದರು. ಅಂದರೆ ಇಲಾಖೆ ಏನೇ ಕಳಿಸಿದರೂ ನನಗೆ ಬರಲ್ಲ.

ಕೆಲವು ವರ್ಷ ಬಿಟ್ಟು ಪ್ರೆಸ್ಸನ್ನೇ ಕಂಪನಿ ಮಾಡೋಣ ಅಂತ ಬೇರೊಬ್ಬ ಸಿಎ ಹತ್ತಿರ ಹೋದಾಗ ಎಲ್ಲಾ ಹೊರಬಿತ್ತು. ನನ್ನ ಡಿಐಎನ್ ಕೆವೈಸಿ ಆಗದೆ ಡಿಆಕ್ಟಿವೇಟ್ ಆಗಿತ್ತು. ಅದಕ್ಕೆ 5,000 ದಂಡ, ಅದು ಪರವಾಗಿಲ್ಲ. ಆದರೆ ಗೆಳೆಯನ ಕಂಪನಿ ಮೊದಲ ವರ್ಷ ಬಿಟ್ಟರೆ ಆಮೇಲೆ ಸತತ ಮೂರು ವರ್ಷ ಲೆಕ್ಕಪತ್ರವನ್ನೂ ಸಲ್ಲಿಸಿಲ್ಲ, ವಾರ್ಷಿಕ ರಿಟರ್ನನ್ನೂ ಸಲ್ಲಿಸಿಲ್ಲ. ಹೀಗಾದರೆ ಕಾಯ್ದೆಯ 164(2)ನೇ ಕಲಮಿನ ಪ್ರಕಾರ ಆ ಕಂಪನಿಯ ಡೈರೆಕ್ಟರುಗಳೆಲ್ಲ ಅನರ್ಹ. ಐದು ವರ್ಷ ಬೇರೆ ಯಾವ ಕಂಪನಿಗೂ ಡೈರೆಕ್ಟರ್ ಆಗುವಂತಿಲ್ಲ, ಈಗಾಗಲೇ ಬೇರೆ ಕಡೆ ಇದ್ದರೆ ಅಲ್ಲಿಯ ಕುರ್ಚಿಯೂ ಹೋಗುತ್ತೆ. 2017ರಲ್ಲಿ ಇದೇ ಕಲಮಿನಡಿ ದೇಶದಲ್ಲಿ ಮೂರು ಲಕ್ಷದಷ್ಟು ಡೈರೆಕ್ಟರುಗಳು ಒಟ್ಟಿಗೆ ಅನರ್ಹರಾಗಿದ್ದರು. ಅವರಲ್ಲಿ ನನ್ನಂತೆ ಹೆಸರಿಗೆ ಇದ್ದ ಹೆಂಡತಿಯರು, ತಮ್ಮಂದಿರು, ಬಾಮೈದರು ಎಷ್ಟು ಜನ ಇದ್ದರೋ.

ದಂಡ ಬೇರೆ. ಲೆಕ್ಕಪತ್ರದ ಫಾರಂ ಒಂದು, ರಿಟರ್ನಿನ ಫಾರಂ ಇನ್ನೊಂದು. ಪ್ರತಿ ಫಾರಂಗೆ ದಿನಕ್ಕೆ 100 ರೂಪಾಯಿ. ಇಷ್ಟಕ್ಕೆ ನಿಲ್ಲುತ್ತೆ ಅಂತ ಮಿತಿ ಇಲ್ಲ. ಎರಡೂ ಒಂದು ವರ್ಷ ತಡವಾದರೆ 73,000. ಮೂರು ವರ್ಷದ್ದು ಸೇರಿಸಿ ನೋಡಿ. ವ್ಯಾಪಾರ ಒಂದು ರೂಪಾಯಿದೂ ಆಗದಿದ್ದರೂ ಈ ಫಾರಂಗಳನ್ನು ಸಲ್ಲಿಸಲೇಬೇಕು, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಮ್ಮ ಗೆಳೆಯ ಮಾತ್ರ "2018ರಲ್ಲಿ, 2020ರಲ್ಲಿ ಮಾಫಿ ಸ್ಕೀಮ್ ಬಂದಿತ್ತಲ್ಲ, ಇನ್ನೊಂದು ಬರುತ್ತೆ ಬಿಡು" ಎಂದು ಆರಾಮಾಗಿದ್ದ.

ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿದರೆ ಯಾವುದೇ ಕಂಪನಿ ಸಲ್ಲಿಸಿದ ಕಾಗದಗಳನ್ನು ನೋಡಬಹುದು. ನಾನೂ ನೋಡಿದೆ. ಮೊದಲ ವರ್ಷದ ಬ್ಯಾಲೆನ್ಸ್ ಶೀಟ್ ಕೊನೆಯಲ್ಲಿ ಇಬ್ಬರು ಡೈರೆಕ್ಟರ್ ಸಹಿ ಇತ್ತು. ಎರಡನೆಯದು ನನ್ನದಂತೆ, ಇಂಗ್ಲಿಷಿನಲ್ಲಿ, ಕೊನೇ ಅಕ್ಷರದ ಬಾಲ ಎಳೆದು ಕೆಳಗೊಂದು ಗೆರೆ, ಎರಡು ಚುಕ್ಕಿ. ಬ್ಯಾಂಕಿರಲಿ, ಪಾಸ್‌ಪೋರ್ಟ್ ಇರಲಿ, ನಾನು ಮೊದಲಿನಿಂದಲೂ ಸಹಿ ಹಾಕೋದು ಕನ್ನಡದಲ್ಲಿ. ಕದಿಯೋಕಾದರೂ ಸ್ವಲ್ಪ ಶ್ರದ್ಧೆ ಬೇಡ್ವಾ?

ರಾಜೀನಾಮೆ ಕೊಟ್ಟರೆ ಮುಗೀತಲ್ಲ ಅಂತೀರಾ. ಪತ್ರ ಬರೆಯೋದು ಸುಲಭ. ಕಂಪನಿಗೆ ಅದು ತಲುಪಿದ ದಿನ ಅಥವಾ ನೀವು ಪತ್ರದಲ್ಲಿ ಬರೆದ ದಿನ, ಯಾವುದು ಆಮೇಲೆ ಬರುತ್ತೋ ಅಂದಿನಿಂದ ಅದು ಜಾರಿ. ಅದಕ್ಕೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅಕ್ನಾಲೆಡ್ಜ್‌ಮೆಂಟ್ ಜೋಪಾನವಾಗಿಡಿ, ಇಮೇಲ್ ಕೂಡ ಮಾಡಿ. ಆಮೇಲೆ ನೀವು ಬಿಟ್ಟಿದ್ದನ್ನು ತಿಳಿಸುವ ಡಿಐಆರ್-12 ಫಾರಂ ಅನ್ನು ಕಂಪನಿ ಸಲ್ಲಿಸಬೇಕು. ಅವನು ಸಲ್ಲಿಸಲಿಲ್ಲ. ನಾನೂ ಬಿಟ್ಟರೆ ಉಳಿಯುವವನು ಒಬ್ಬನೇ, ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಬೇಕು, ಇನ್ನೊಬ್ಬರನ್ನು ಹುಡುಕಬೇಕು, ಆ ಕಂಪನಿಗೆ ಈಗ ಯಾರು ಬರ್ತಾರೆ? ಡೈರೆಕ್ಟರೇ ಹಾಕಬಹುದಾದ ಡಿಐಆರ್-11 ನಾನು ಹಾಕಿದ್ದೇನೆ, ಪೋರ್ಟಲ್‌ನಲ್ಲಿ ನನ್ನ ಹೆಸರು ಇನ್ನೂ ಹಾಗೇ ಇದೆ. ಬಿಟ್ಟು ಬಂದರೂ, ಇದ್ದ ಕಾಲದ ತಪ್ಪುಗಳಿಗೆ ಹೊಣೆ ತಪ್ಪಲ್ಲ.

ಇನ್ನು ಜಿಎಸ್‌ಟಿ. "ಲಿಮಿಟೆಡ್ ಕಂಪನಿ ಅಂದ್ರೆ ನಮ್ಮ ಸ್ವಂತ ಆಸ್ತಿಗೆ ಏನೂ ಆಗಲ್ಲ" ಎಂದು ಎಲ್ಲರೂ ಹೇಳ್ತಾರೆ. ಪ್ರೈವೇಟ್ ಕಂಪನಿಯಿಂದ ತೆರಿಗೆ ವಸೂಲಿ ಆಗದಿದ್ದರೆ ಜಿಎಸ್‌ಟಿ ಕಾಯ್ದೆಯ 89ನೇ ಕಲಮಿನಲ್ಲಿ ಆಗಿನ ಡೈರೆಕ್ಟರುಗಳಿಂದಲೇ ವಸೂಲಿ ಮಾಡಬಹುದು, ವಸೂಲಿ ಆಗದಿರುವುದಕ್ಕೆ ನಮ್ಮ ಬೇಜವಾಬ್ದಾರಿ ಕಾರಣ ಅಲ್ಲ ಅಂತ ನಾವೇ ತೋರಿಸಬೇಕು. ಮೀಟಿಂಗಿಗೇ ಕರೆಯದವನು ಏನಂತ ತೋರಿಸೋದು?

ಈಗಾಗಲೇ ಯಾರದೋ ಕಂಪನಿಯಲ್ಲಿ ಹೆಸರಿಗೆ ಇರುವವರು ಇವತ್ತೇ ಪೋರ್ಟಲ್‌ನಲ್ಲಿ ಕಂಪನಿ ಹೆಸರು ಹಾಕಿ ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಅಂತ ನೋಡಿ, ಡಿಐಎನ್‌ನಲ್ಲಿ ನಿಮ್ಮ ಇಮೇಲ್, ಫೋನ್ ಹಾಕಿಸಿ, ಟೋಕನ್ ವಾಪಸ್ ತಗೊಳ್ಳಿ. ಕೊಡಲ್ಲ ಎಂದರೆ ಡಿಜಿಟಲ್ ಸಹಿ ಮಾಡಿಕೊಟ್ಟ ಸಂಸ್ಥೆಗೆ ಹೇಳಿ ಆ ಸಹಿಯನ್ನೇ ರದ್ದು ಮಾಡಿಸಿ.

ಗೆಳೆಯ ಈಗ ಕಂಪನಿ ಮುಚ್ಚಬೇಕು ಅಂತಿದ್ದಾನೆ. ಅದಕ್ಕೆ ಬಾಕಿ ಫಾರಂಗಳನ್ನೆಲ್ಲ ದಂಡದ ಸಮೇತ ಸಲ್ಲಿಸಬೇಕು, 10,000 ಶುಲ್ಕ ಕಟ್ಟಬೇಕು, ಮುಂದೆ ಕಂಪನಿಗೆ ಸಾಲ ಕೊಟ್ಟವರು ಯಾರಾದರೂ ಬಂದರೆ ನಾವೇ ಹೊಣೆ ಅಂತ ಪ್ರತಿಯೊಬ್ಬ ಡೈರೆಕ್ಟರೂ ಬಾಂಡ್ ಬರೆದುಕೊಡಬೇಕು. ಬಾಂಡ್ ಹಿಡಿದು ಪ್ರೆಸ್ಸಿಗೆ ಬಂದಿದ್ದ. ಜಿಎಸ್‌ಟಿ ಪೂರ್ತಿ ಕಟ್ಟಿದ ಚಲನ್ ತೋರಿಸು, ಆಮೇಲೆ ಮಾತಾಡೋಣ ಎಂದು ಕಳಿಸಿದ್ದೇನೆ.