ಶಾಂಟಿಲಿ ಚಮಚ: ತೂಕಕ್ಕೋ, ಇಬೇಗೋ?

2024ರ ಬೇಸಿಗೆಯಲ್ಲಿ ನ್ಯೂಜೆರ್ಸಿಯ ನಮ್ಮ ಪಕ್ಕದೂರಿನ, ಮನೆಯ ಸಾಮಾನೆಲ್ಲ ಮಾರೋ ಎಸ್ಟೇಟ್ ಸೇಲ್‌ನಲ್ಲಿ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ಗೋರಮ್ ಕಂಪನಿಯ, ಶಾಂಟಿಲಿ ಅನ್ನೋ ಡಿಸೈನಿನ ಬೆಳ್ಳಿ ಚಮಚ, ಫೋರ್ಕ್, ಚಾಕುಗಳ ಸೆಟ್. 1895ರಲ್ಲಿ ಬಂದ ಡಿಸೈನ್, ಅಮೆರಿಕದ ಮನೆಗಳಲ್ಲಿ ಇವತ್ತಿಗೂ ಕಾಣಸಿಗುತ್ತದೆ. ಚಮಚ ತಿರುಗಿಸಿದರೆ ಕಂಪನಿಯ ಗುರುತಾದ ಸಿಂಹ, ಲಂಗರು, ಜಿ ಅಕ್ಷರ, ಜೊತೆಗೆ ಸ್ಟರ್ಲಿಂಗ್ ಅನ್ನೋ ಮಾತು. ಅಂದರೆ ನೂರಕ್ಕೆ 92.5 ಭಾಗ ಬೆಳ್ಳಿ.

ಇದನ್ನೆಲ್ಲ ನೋಡಿ ಖರೀದಿ ಮಾಡೋದು ನಾನು ಪೆಟ್ಟು ತಿಂದು ಕಲಿತದ್ದು. ಮೊದಮೊದಲು '1847 ರೋಜರ್ಸ್ ಬ್ರದರ್ಸ್' ಅಂತಿದ್ದ ಚಮಚ ಕಂಡು, ಆಹಾ ಇಷ್ಟು ಹಳೇದಾ ಅಂತ ಒಂದು ಡಬ್ಬಿ ತುಂಬಾ ತಂದಿದ್ದೆ. 1847 ಅನ್ನೋದು ಬ್ರ್ಯಾಂಡಿನ ಹೆಸರಿನ ಭಾಗ, ಮಾಡಿದ ವರ್ಷವಲ್ಲ. ಬೆಳ್ಳಿಯೂ ಬರೀ ಮೇಲಿನ ಲೇಪ.

ತೂಕಕ್ಕೆ ಕೊಟ್ಟರೆ ಲಾಭವೋ, ಇಬೇಯಲ್ಲೋ ಅಂತ ಶಾಂಟಿಲಿಯನ್ನು ಹಂಚಿ ಮಾರಿ ನೋಡಿದೆ. ಹನ್ನೆರಡು ಟೀ ಚಮಚದಲ್ಲಿ ಆರು ಹಳೇ ನಾಣ್ಯ, ಬೆಳ್ಳಿ ಕೊಳ್ಳೋ ಕಾಯಿನ್ ಶಾಪಿಗೆ, ಆರು ಇಂಟರ್ನೆಟ್ಟಿನಲ್ಲಿ ಮಾರೋ ಇಬೇಗೆ.

ಕಾಯಿನ್ ಶಾಪಿನಲ್ಲಿ ಐದು ನಿಮಿಷದ ಕೆಲಸ. ನಮ್ಮೂರ ಶೇಟು ಅಂಗಡಿಯ ಹಾಗೇ, ಅಂಗಡಿಯವನು ತಕ್ಕಡಿ ಮೇಲಿಟ್ಟ, ಲೆಕ್ಕ ಹಾಕಿದ. ಒಂದೊಂದು ಚಮಚ ಹತ್ತಿರ ಹತ್ತಿರ 31 ಗ್ರಾಂ, ಅಂದರೆ ಬೆಳ್ಳಿ ಬಂಗಾರ ತೂಗೋ ಲೆಕ್ಕದಲ್ಲಿ ಒಂದು ಟ್ರಾಯ್ ಔನ್ಸ್. ಆಗ ಬೆಳ್ಳಿ ಔನ್ಸಿಗೆ 30 ಡಾಲರ್ ಆಸುಪಾಸು. ಒಳಗಿನ ಬೆಳ್ಳಿಯ ಬೆಲೆಯಲ್ಲಿ ನೂರಕ್ಕೆ 80 ಕೊಟ್ಟ. ಆರಕ್ಕೆ 133 ಡಾಲರ್.

ಇಬೇಯಲ್ಲಿ ಆರು ಚಮಚ 165 ಡಾಲರಿಗೆ ಹೋದವು. ಅವರ ಫೀಸು, ಪೋಸ್ಟ್ ಖರ್ಚು ಕಳೆದು ಕೈಗೆ ಬಂದದ್ದು 134. ಫೋಟೊ ತೆಗೆದು, ಬಬಲ್ ರ‍್ಯಾಪ್ ಸುತ್ತಿ, ಹತ್ತು ದಿನ ಕಾದು ಒಂದು ಡಾಲರ್ ಜಾಸ್ತಿ!

ಆದರೆ ಟೊಮ್ಯಾಟೊ ಸರ್ವರ್ ಕಥೆಯೇ ಬೇರೆ. ನೀರು ಸೋರಲಿ ಅಂತ ತೂತು ಕೊರೆದ ಅಗಲ ಚಮಚ ಅದು, ಟೊಮ್ಯಾಟೊ ಹೋಳು ಬಡಿಸೋಕೆ ಮಾತ್ರ. ಕಾಯಿನ್ ಶಾಪಿನಲ್ಲಿ ತೂಕಕ್ಕೆ 45 ಡಾಲರ್ ಹೇಳಿದ್ದರು. ಇಬೇಯಲ್ಲಿ ಎರಡೇ ದಿನಕ್ಕೆ 110. ಆ ಕಾಲದಲ್ಲಿ ಒಂದೊಂದು ತಿನಿಸಿಗೆ ಒಂದೊಂದು ಸಾಮಾನು ಮಾಡುತ್ತಿದ್ದರು. ಐಸ್‌ಕ್ರೀಮಿಗೂ ಫೋರ್ಕ್, ಚಿಪ್ಪಿನೊಳಗಿನ ಸಿಂಪಿ (ಆಯ್ಸ್ಟರ್) ತಿನ್ನೋಕೂ ಫೋರ್ಕ್. 1920ರ ದಶಕದಲ್ಲಿ ಹರ್ಬರ್ಟ್ ಹೂವರ್ ಅಮೆರಿಕದ ವಾಣಿಜ್ಯ ಮಂತ್ರಿಯಾಗಿದ್ದಾಗ, ಒಂದು ಡಿಸೈನಿಗೆ 55 ಬಗೆ ಸಾಮಾನು ಸಾಕು ಅಂತ ಹೇಳಬೇಕಾಯಿತು ಅಂದರೆ ನೋಡಿ. ಇಂಥ ವಿಚಿತ್ರ ಸಾಮಾನನ್ನೇ ಹುಡುಕಿಕೊಂಡು ಬರೋ ಜನ ಇದ್ದಾರೆ. ಟೀ ಚಮಚ ಯಾರಿಗೆ ಬೇಕು ಹೇಳಿ, ಎಲ್ಲರ ಹತ್ರ ಇದೆ.

ಫೋರ್ಕ್‌ಗಳ ಮೇಲೆ ಯಾರದೋ ಮನೆತನದ ಎಂ ಅಕ್ಷರ ಕೆತ್ತಿತ್ತು. ಹೀಗಿದ್ದರೆ ಬೆಲೆ ಇಳಿದುಹೋಗುತ್ತೆ. ಅದೃಷ್ಟಕ್ಕೆ ಎಂ ಮನೆತನದ ಒಬ್ಬರೇ ಸಿಕ್ಕಿ ಅಷ್ಟನ್ನೂ ಕೊಂಡರು.

ಜನರ ಸೆಟ್ಟಿನಲ್ಲಿ ಕಳೆದುಹೋದ ಚಮಚ, ಫೋರ್ಕಿಗೆ ಜೋಡಿ ಹೊಂದಿಸಿ ಮಾರುವ ಒಬ್ಬ ವ್ಯಾಪಾರಿಗೆ ಪಟ್ಟಿ ಕಳಿಸಿದ್ದೆ. ಟೀ ಚಮಚಕ್ಕೆ ಕಾಯಿನ್ ಶಾಪಿಗಿಂತ ಕಡಿಮೆ ಹೇಳಿದ. ಉದ್ದನೆಯ ಐಸ್ಡ್ ಟೀ ಚಮಚಕ್ಕೆ ಮಾತ್ರ ಒಳ್ಳೆ ರೇಟು ಕೊಟ್ಟ, ಅವನಿಗೇ ಕೊಟ್ಟೆ. ಹರಾಜಿನ ಸಹವಾಸ ಬೇಡ. ಹಿಂದೆ ಒಂದು ಸೆಟ್ ಕೊಟ್ಟಿದ್ದೆ, ಬಿಡಿಬಿಡಿಯಾಗಿ ಮಾರದೆ ಎಲ್ಲ ಸೇರಿಸಿ ಒಂದೇ ಗುಂಪು ಮಾಡಿ ಹರಾಜಿಗೆ ಹಾಕಿದರು. ಕಮಿಷನ್ ಮುರಿದ ಮೇಲೆ ಕರಗಿಸಿದರೆ ಬರೋ ದುಡ್ಡೂ ಬರಲಿಲ್ಲ.

ಚಾಕುಗಳದ್ದೇ ತಕರಾರು. ಕೈಯಲ್ಲಿ ಹಿಡಿದರೆ ಒಳ್ಳೆ ಭಾರ. ಕಾಯಿನ್ ಶಾಪಿನವನು ನಕ್ಕು, ಒಂದು ಒಡೆಯಲಾ ಅಂದ. ಸರಿ ಅಂದೆ. ಸುತ್ತಿಗೆಯಲ್ಲಿ ಎರಡು ಏಟು ಹಾಕಿದ. ಹಿಡಿ ಬಿರುಕು ಬಿಟ್ಟು ಕಂದು ಬಣ್ಣದ ಗಾರೆಯಂಥ ಪುಡಿ ಟೇಬಲ್ ಮೇಲೆ ಸುರಿಯಿತು. ಅಲಗು ಸ್ಟೀಲು. ಬೆಳ್ಳಿ ಅಂತ ಉಳಿದದ್ದು ಕಡಲೆಕಾಯಿ ಸಿಪ್ಪೆಯಂಥ ಹೊದಿಕೆ, ಬರೀ 15 ಗ್ರಾಂ.

ಉಳಿದ ಹನ್ನೊಂದು ಚಾಕು ಪೆಟ್ಟಿಗೆಯಲ್ಲೇ ಇವೆ. ಬೇಕಿದ್ದವರು ಕೇಳಿ. ಒಡೆಯಲ್ಲ ಅಂತ ಮಾತು ಕೊಡಬೇಕು ಅಷ್ಟೆ.