ಇನೆ ಊರಿನ ಒಂದು ದಿನದ ಟೂರ್: ಮನೆ ತೋರಿಸಿದ್ದು ಚೆಂದ, ಗಡಿಬಿಡಿ ಜಾಸ್ತಿ

ಜಪಾನಿನಿಂದ ಮನೆಗೆ ಬಂದು ಎರಡು ವಾರ ಆಯ್ತು. ಸಾಗರದಲ್ಲಿ ಮಳೆ ಬಿಟ್ಟಿಲ್ಲ, ಕರೆಂಟ್ ಇದ್ದಾಗ ಇದನ್ನು ಬರೆಯುತ್ತಿದ್ದೇನೆ. ಕ್ಯೋಟೋದಲ್ಲಿ ಒಂದು ಸೆಮಿಸ್ಟರ್ ಓದಲು ಹೋಗಿದ್ದೆ. ಹೊರದೇಶದ ವಿದ್ಯಾರ್ಥಿಗಳಿಗೆ ಸಮುದ್ರದ ಕಡೆಯ ಒಂದು ಹಳ್ಳಿ ತೋರಿಸುವ ಟೂರ್ ಇದೆ ಅಂದರು. 5,000 ಯೆನ್ ಕಟ್ಟಿದೆ, ನಮ್ಮ ದುಡ್ಡಲ್ಲಿ ಹೆಚ್ಚುಕಡಿಮೆ ಮೂರು ಸಾವಿರ. ಟೂರ್ ನಡೆಸಿದವರ ಹೆಸರು ಬೇಡ. ಊರಿನ ಹೆಸರು ಇನೆ. ನಮ್ಮ ಕಡೆಯಿಂದ ಮುಂದೆ ಓದಲು ಹೋಗುವವರಿಗೆ ಅನುಕೂಲ ಆಗಲಿ ಅಂತ ಈ ರಿವ್ಯೂ. ಐದಕ್ಕೆ ಮೂರೂವರೆ ಕೊಡುತ್ತೇನೆ.

ಇನೆ ಇರುವುದು ಕ್ಯೋಟೋ ಪ್ರಾಂತ್ಯದಲ್ಲೇ. ಆದರೆ ದೇವಸ್ಥಾನಗಳ ಕ್ಯೋಟೋ ಪೇಟೆಯಿಂದ ಉತ್ತರಕ್ಕೆ ಬೆಟ್ಟ ದಾಟಿ ಹೋಗಬೇಕು, ಜಪಾನ್ ಸಮುದ್ರದ ತನಕ. ಬಸ್ಸಿನಲ್ಲಿ ಎರಡು ಗಂಟೆ ದಾಟಿತು. ಅಷ್ಟೂ ಹೊತ್ತು ಗೈಡ್ ಮೈಕ್ ಹಿಡಿದು ಚಪ್ಪಲಿ ಎಲ್ಲಿ ಬಿಡಬೇಕು, ಕಸ ಎಲ್ಲಿ ಹಾಕಬೇಕು ಅಂತ ಹೇಳಿದ್ದೇ ಹೇಳಿದ್ದು.

ಕೊನೆಯ ತಿರುವು ದಾಟಿದ ಮೇಲೆ ಬಸ್ಸಲ್ಲಿ ಎಲ್ಲರೂ ಸುಮ್ಮನಾದರು. ಮೂರು ಕಡೆ ಗುಡ್ಡ, ನಡುವೆ ಅಲೆಯೇ ಇಲ್ಲದ ನೀರು, ನೀರಿನ ಅಂಚಿಗೇ ಸಾಲಾಗಿ ಮನೆಗಳು. ಇವಕ್ಕೆ ಫುನಾಯ ಅಂತಾರೆ, ದೋಣಿಮನೆ. ಸುಮಾರು 230 ಇವೆ. ಕೆಳಗೆ ದೋಣಿ, ಮೇಲೆ ಮಾಳಿಗೆ. ಕುಟುಂಬದ ದೊಡ್ಡ ಮನೆ ರಸ್ತೆಯ ಆಚೆ, ಗುಡ್ಡದ ಬದಿಗೆ. ಕೊಲ್ಲಿ ದಕ್ಷಿಣಕ್ಕೆ ಮುಖ ಮಾಡಿದೆ, ಬಾಯಲ್ಲಿ ಅಡ್ಡಕ್ಕೆ ಒಂದು ದ್ವೀಪ. ಹಾಗಾಗಿ ದೊಡ್ಡ ಅಲೆ ಒಳಗೆ ಬರುವುದಿಲ್ಲ. ಉಬ್ಬರ ಇಳಿತದ ವ್ಯತ್ಯಾಸವೂ ಅರ್ಧ ಮೀಟರ್‌ನಷ್ಟೇ. ನಮ್ಮ ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ಹಾಗೆ ಮನೆ ಕಟ್ಟಿದರೆ ಬೇಸಿಗೆಯಲ್ಲಿ ನೀರು ಹುಡುಕಿಕೊಂಡು ಹೋಗಬೇಕು, ಮಳೆಗಾಲದಲ್ಲಿ ಮನೆ ಹುಡುಕಬೇಕು.

ಇವುಗಳಲ್ಲಿ ಹೆಚ್ಚಿನವು ಜನ ಬಳಸುವ ಮನೆಗಳು. ನಾವೇ ಹೋದರೆ ಹೆಚ್ಚಿನವನ್ನು ಹೊರಗಿಂದ ನೋಡಿ ಬರಬೇಕು ಅಷ್ಟೆ. ಈ ಟೂರಿನಲ್ಲಿ ಒಂದು ಮನೆಯ ಅಜ್ಜಿ ಒಳಗೆ ಕರೆದರು. ಕೊಟ್ಟ ದುಡ್ಡಿಗೆ ಅದೊಂದೇ ಸಾಕಿತ್ತು. ಒಳಗೆ ನೆಲ ಇಳಿಜಾರಾಗಿ ಸೀದಾ ನೀರಿಗೆ ಹೋಗುತ್ತದೆ. ಈಗಿನ ದೋಣಿ ದೊಡ್ಡದು, ಒಳಗೆ ಹಿಡಿಸುವುದಿಲ್ಲ, ಹೊರಗೇ ಕಟ್ಟುತ್ತಾರೆ. ಒಳಗೆ ಬಲೆ, ಬಕೆಟ್, ಒಂದು ಹಳೇ ವಾಷಿಂಗ್ ಮಷೀನ್. ಅಜ್ಜಿ ಗಮ್ ಬೂಟ್ ಹಾಕಿಕೊಂಡು ಹೋಗಿ ನೀರಲ್ಲಿದ್ದ ಹಗ್ಗ ಎಳೆದರು. ತಂತಿಬಲೆಯ ಬುಟ್ಟಿ ಮೇಲೆ ಬಂತು. ಮೊಂದೊರಿ ಅಂತ ಹೆಸರು. ಒಳಗೆ ನಿನ್ನೆಯ ಮೀನಿನ ತಲೆ, ಅದರ ಆಸೆಗೆ ಬಂದು ಸಿಕ್ಕಿಬಿದ್ದ ಅಂಗೈಯಗಲದ ಎರಡು ಮೀನು, ಒಂದು ಏಡಿ. ಮಳೆಗಾಲದಲ್ಲಿ ನಮ್ಮ ಗದ್ದೆ ಅಂಚಿಗೆ ಇಡುವ ಕೂಣಿ ನೆನಪಾಯ್ತು. ಏಡಿಯನ್ನು ವಾಪಸ್ ನೀರಿಗೆ ಬಿಟ್ಟು ಅಜ್ಜಿ ಐದು ನಿಮಿಷ ನಗುತ್ತಾ ಏನೇನೋ ಹೇಳಿದರು. ಗೈಡ್ ಇಂಗ್ಲಿಷಿಗೆ ತಂದಿದ್ದು ಒಂದೇ ಸಾಲು: "ಇಲ್ಲಿ ಮೀನು ಹಿಡಿಯುತ್ತಾರೆ." ಹೌದಾ, ಗೊತ್ತೇ ಇರಲಿಲ್ಲ!

ಊಟಕ್ಕೆ ಅನ್ನ, ಸೂಪು, ಹಸಿ ಮೀನಿನ ಹೋಳು. ತಾಜಾ ಅಂದರೆ ತಾಜಾ. ಆದರೂ ನನ್ನ ಮನಸ್ಸು ಬಂಗಡೆ ಸಾರಿನ ಕಡೆಗೇ ಹೋಗುತ್ತಿತ್ತು. ಮೀನು ತಿನ್ನದವರು ಮೊದಲೇ ಹೇಳಿ. ಹೇಳಿದರೂ ಸೂಪಿನಲ್ಲಿ ಒಣಮೀನಿನ ರಸ ಇರುತ್ತದೆ, ಬರೀ ಕೊಂಬು ಅನ್ನುವ ಕಡಲಪಾಚಿಯದ್ದು ಬೇಕು ಅಂತ ಬಿಡಿಸಿ ಹೇಳಬೇಕು. ನಮ್ಮ ಜೊತೆಗಿದ್ದ ಹುಡುಗ ಪಾಪ, ಅನ್ನಕ್ಕೆ ಉಮೆಬೋಶಿ ಅನ್ನುವ ಹುಳಿ ಉಪ್ಪಿನಕಾಯಿ ನೆಂಚಿಕೊಂಡು ಎದ್ದ.

ಆಮೇಲೆ ದೋಣಿಯಲ್ಲಿ ಇಪ್ಪತ್ತೈದು ನಿಮಿಷದ ಸುತ್ತು. ಕೈಯಲ್ಲಿನ ಸಿಗಡಿ ಚಿಪ್ಸನ್ನು ಕಡಲಹಕ್ಕಿ ಬಂದು ಕಿತ್ತುಕೊಂಡು ಹೋಗುತ್ತದೆ, ಹುಷಾರು. 1754ರಿಂದ ಸಾಕೆ, ಅಂದರೆ ಅಕ್ಕಿಯ ಮದ್ಯ, ಮಾಡುವ ಒಂದು ಕಡೆಗೂ ಕರೆದುಕೊಂಡು ಹೋದರು. ಅಲ್ಲಿ ಕೆಂಪಕ್ಕಿಯ ಸಾಕೆ ಇದೆ, ಬಣ್ಣ ಥೇಟ್ ಮುರುಗಲು ಶರಬತ್ತು. ರುಚಿ ನೋಡಿದೆ. ಅಮ್ಮ ಇದನ್ನು ಓದುವುದಿಲ್ಲ ಅಂತ ಧೈರ್ಯ.

ನನ್ನ ತಕರಾರು ಕೊನೆಯ ಅರ್ಧ ಗಂಟೆಯದ್ದು. ಸ್ವಲ್ಪ ದೂರದಲ್ಲಿ ಉರಾಶಿಮ ಗುಡಿ ಇದೆ, ಕ್ರಿ.ಶ. 825ರದ್ದು ಅಂತಾರೆ. ಉರಾಶಿಮ ಅನ್ನುವವನು ಸಮುದ್ರದಡಿಯ ಅರಮನೆಗೆ ಹೋಗಿ ಸುಖವಾಗಿದ್ದ. ಮೂರು ವರ್ಷ ಅಂದುಕೊಂಡು ವಾಪಸ್ ಬಂದರೆ ಊರಲ್ಲಿ ಮುನ್ನೂರು ವರ್ಷ ಕಳೆದಿತ್ತು. ಮನೆ ಇಲ್ಲ, ಗುರುತಿನವರು ಇಲ್ಲ. ತೆರೆಯಬೇಡ ಅಂತ ಕೊಟ್ಟಿದ್ದ ಪೆಟ್ಟಿಗೆ ತೆರೆದ, ಮುದುಕನಾದ. ಗೈಡ್ ಇಷ್ಟನ್ನು ನಡೆಯುತ್ತಲೇ ಹೇಳಿ ಮುಗಿಸಿ, ವಾಚ್ ನೋಡಿ, ನಾಲ್ಕು ಗಂಟೆಗೆ ಬಸ್ ಹತ್ತಿಸಿಬಿಟ್ಟರು. ಗುಡಿಯಲ್ಲಿ ಹತ್ತು ನಿಮಿಷ ನಿಲ್ಲಲೂ ಬಿಡಲಿಲ್ಲ.

ಮೊನ್ನೆ ರಾತ್ರಿ ನಮ್ಮ ಅಜ್ಜಿಗೆ ಫೋಟೋ ತೋರಿಸಿದೆ. ಅವರು ಮದುವೆಯಾಗಿ ಬಂದ ಮನೆ 1964ರಲ್ಲಿ ಡ್ಯಾಮಿನ ನೀರಿಗೆ ಹೋಗಿದೆ. "ಇದೆಂತ ಕೂಸೇ, ಮನೆಯೊಳಗೆ ನೀರು ಬಂದ್ರೂ ನಗ್ತಾ ನಿಂತಾರಲ್ಲ?" ಅಂದರು. ಉರಾಶಿಮನ ಕಥೆ ಹೇಳಿದೆ. ಕವಳ ಹಾಕುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು.

"ಊರಲ್ಲಿ ಯಾರೂ ಇಲ್ಲ ಅಂದ್ಮೇಲೆ ಅವ ರಾತ್ರಿ ಎಲ್ಲಿ ಮಲಗಿದ?"

ಅದನ್ನು ಗೈಡ್ ಹತ್ತಿರ ಕೇಳುವಷ್ಟರಲ್ಲಿ ಬಸ್ ಹೊರಟಾಗಿತ್ತು.